ಹಳೆಯ ಚಿಪ್ಪಿಗೆ ಹೊಸ ಲ್ಯಾಪ್‌ಟಾಪಿನಿಂದ ಸಿ: ಕ್ರಾಸ್ ಕಂಪೈಲರ್ ಜೋಡಿಸಿಕೊಳ್ಳುವ ಬಗೆ

ಕಾಲೇಜಿನ ಲ್ಯಾಬಿನಲ್ಲಿ 8051ಕ್ಕೆ ಸಿ ಬರೆದು ಎಲ್‌ಇಡಿ ಮಿನುಗಿಸಿದವರಿಗೆ ಬೆಳ್ಳಂದೂರಿನ ಟೆಕ್ ಪಾರ್ಕುಗಳಲ್ಲಿ ಬರವಿಲ್ಲ. ಕೆಲಸಕ್ಕೆ ಸೇರಿ ಜಾವಾ, ಪೈಥಾನ್ ಎಂದು ನಾಲ್ಕಾರು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರಿಗೆ ಮತ್ತೆ ಚಿಪ್ಪಿನ ಹುಚ್ಚು ಹತ್ತುತ್ತದೆ. ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ, 8051ರ ಜಾತಿಯ 89ಎಸ್52 ಚಿಪ್ಪಿನ ಒಂದು ಬೋರ್ಡು ಕೊಂಡು ತರುತ್ತಾರೆ. ತೊಂದರೆ ಶುರುವಾಗುವುದು ಭಾನುವಾರ ಬೆಳಿಗ್ಗೆ. ಕಾಲೇಜಿನಲ್ಲಿ ಕಲಿತ ಕೀಲ್ ತಂತ್ರಾಂಶ ವಿಂಡೋಸಿಗೆ ಮಾತ್ರ. ಕೈಲಿರುವುದು ಉಬುಂಟು ಅಥವಾ ಮ್ಯಾಕ್. ವಿಂಡೋಸ್ ಇದ್ದರೂ, ಕೀಲ್‌ನ ಪುಕ್ಕಟೆ ಆವೃತ್ತಿಯಲ್ಲಿ 8051ರ ಪ್ರೋಗ್ರಾಂ 2 ಕೆಬಿ ದಾಟುವಂತಿಲ್ಲ. ಸರಿ, ಜಿಸಿಸಿ ಇದೆಯಲ್ಲ ಎಂದು ಅದರಲ್ಲೇ ಕಂಪೈಲ್ ಮಾಡಿದರೆ ಫೈಲೇನೋ ಬರುತ್ತದೆ, ಆದರೆ ಅದು ಲ್ಯಾಪ್‌ಟಾಪಿನ ಪ್ರೊಸೆಸರಿಗಷ್ಟೇ ಅರ್ಥವಾಗುವ ಫೈಲು.

ಇಲ್ಲಿ ಬೇಕಾದದ್ದು ಕ್ರಾಸ್ ಕಂಪೈಲರ್: ಲ್ಯಾಪ್‌ಟಾಪಿನಲ್ಲಿ ಓಡುತ್ತ, ಬೇರೊಂದು ಚಿಪ್ಪಿನ ಭಾಷೆಯಲ್ಲಿ ಫೈಲು ಕೊಡುವ ಕಂಪೈಲರ್. ಅದನ್ನು ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಆಮೇಲೆ ದಿನಗಟ್ಟಲೆ ಕಾಡುವುದು ಬೇರೆಯೇ: ಚಿಪ್ಪಿನ ಮೆಮೊರಿ ಎಲ್ಲಿ ಶುರುವಾಗುತ್ತದೆ, ಎಷ್ಟಿದೆ ಎಂದು ಅದಕ್ಕೆ ಹೇಳದೆ ಬಿಟ್ಟಿರುತ್ತೇವೆ. ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ ಮೀಸಲು.

(ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್ಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.)

ಊರಿನ ಹಿನ್ನೆಲೆ, ಎರಡೇ ಮಾತಿನಲ್ಲಿ

8051 ಅನ್ನು ಇಂಟೆಲ್ ಹೊರತಂದದ್ದು 1980ರಲ್ಲಿ; ತಾನೇ ತಯಾರಿಸುವುದನ್ನು ನಿಲ್ಲಿಸಿದ್ದು 2007ರಲ್ಲಿ. ಬೆಳ್ಳಂದೂರಿನ ಪಕ್ಕದ ದೇವರಬೀಸನಹಳ್ಳಿಯಲ್ಲಿ, ರಿಂಗ್ ರೋಡಿನ ಮೇಲೇ ಇಂಟೆಲ್‌ನ ದೊಡ್ಡ ಕ್ಯಾಂಪಸ್ ಇದೆ. ಇಂಟೆಲ್ ಕೈಬಿಟ್ಟ ಮೇಲೂ ಬೇರೆ ಕಂಪನಿಗಳ 8051ಗಳು ಕಾಲೇಜು ಲ್ಯಾಬುಗಳಲ್ಲೂ ಕಾರ್ಖಾನೆಯ ಹಳೆಯ ಕಂಟ್ರೋಲ್ ಕಾರ್ಡುಗಳಲ್ಲೂ ಉಳಿದುಕೊಂಡಿವೆ.

ಇನ್ನೊಂದು, ಬೆಂಗಳೂರಿನದೇ ಯಂತ್ರ: ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ರೂಪಿಸಿದ ಈ ಕೈಗಣಕದಲ್ಲಿ ಇದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್, ಅದರ ಮೇಲೆ ಲಿನಕ್ಸ್. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಅಂಥ ಕೈಗಣಕದ ಪ್ರೋಗ್ರಾಮುಗಳು ಪಿಸಿಯಲ್ಲಿ ಕ್ರಾಸ್ ಕಂಪೈಲ್ ಆಗಿಯೇ ಅದರೊಳಗೆ ಹೋಗಬೇಕಿತ್ತು. ಇವತ್ತು ಅದಕ್ಕೆ ಪ್ರೋಗ್ರಾಂ ಕಟ್ಟಲು ಹೊರಟರೆ ಏನಾಗುತ್ತದೆ ಎಂಬುದು ಸ್ವಾರಸ್ಯದ ವಿಷಯ, ಮುಂದೆ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಕ್ರಾಸ್ ಕಂಪೈಲರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಐದು ವಸ್ತುಗಳ ಕಟ್ಟು. ಸಿ ಸಾಲುಗಳನ್ನು ಅಸೆಂಬ್ಲಿಗೆ ಇಳಿಸುವ ಕಂಪೈಲರ್, ಅದನ್ನು ಯಂತ್ರಸಂಕೇತ ಮಾಡುವ ಅಸೆಂಬ್ಲರ್, ತುಂಡುಗಳಿಗೆ ವಿಳಾಸ ಕೊಟ್ಟು ಜೋಡಿಸುವ ಲಿಂಕರ್, ಪ್ರಿಂಟ್‌ಎಫ್‌ನಂಥವನ್ನು ಒದಗಿಸುವ ಸಿ ಲೈಬ್ರರಿ, ಕೊನೆಯದಾಗಿ ಸ್ಟಾರ್ಟಪ್ ಕೋಡ್. ಐದೂ ಒಂದೇ ಚಿಪ್ಪಿಗೆ ಹೊಂದಿದ್ದಾಗ ಮಾತ್ರ ಬೋರ್ಡು ಮಾತಾಡುತ್ತದೆ.

ಲ್ಯಾಪ್‌ಟಾಪಿಗೆ ಪ್ರೋಗ್ರಾಂ ಬರೆಯುವವರು ಲಿಂಕರನ್ನೂ ಸ್ಟಾರ್ಟಪ್ ಕೋಡನ್ನೂ ಕಣ್ಣಿಂದ ನೋಡಿರುವುದೇ ಅಪರೂಪ, ಏಕೆಂದರೆ ಅಲ್ಲಿ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಬರಿಯ ಚಿಪ್ಪಿನಲ್ಲಿ ಆ ನೆರವು ಇಲ್ಲ. ಬಿಡಿಎ ಬಡಾವಣೆಯಲ್ಲಿ ನಿವೇಶನ ಹಂಚುವ ಹಾಗೆ ಲಿಂಕರ್ ಪ್ರತಿ ಫಂಕ್ಷನ್ನಿಗೂ ವೇರಿಯಬಲ್ಲಿಗೂ ಜಾಗ ಹಂಚುತ್ತದೆ. ಬಡಾವಣೆಯ ಗಡಿ ಎಲ್ಲಿದೆ ಎಂದು ನೀವು ಹೇಳದಿದ್ದರೆ ಇಲ್ಲದ ಜಾಗವನ್ನೂ ಹಂಚಿಬಿಡುತ್ತದೆ, ಒಂದು ಎಚ್ಚರಿಕೆಯ ಸಾಲೂ ಬರುವುದಿಲ್ಲ.

ಸ್ಟಾರ್ಟಪ್ ಕೋಡಿನ ವಿಷಯವೂ ಅಷ್ಟೇ ಮುಖ್ಯ. ಕರೆಂಟು ಬಂದ ಕೂಡಲೇ ಓಡುವುದು ಮೇನ್ ಫಂಕ್ಷನ್ ಅಲ್ಲ. ಕರೆಂಟು ಹೋದಾಗ ಫ್ಲ್ಯಾಶ್ ಮೆಮೊರಿಯಲ್ಲಿದ್ದದ್ದು ಉಳಿಯುತ್ತದೆ, ರ‍್ಯಾಮಿನಲ್ಲಿದ್ದದ್ದು ಹೋಗುತ್ತದೆ. ಹಾಗಾದರೆ ನೀವು ‘ಎಣಿಕೆ = 5’ ಎಂದು ಮೇಲೆ ಬರೆದ ಗ್ಲೋಬಲ್ ವೇರಿಯಬಲ್ಲಿಗೆ ಆ 5 ಎಲ್ಲಿಂದ ಬರಬೇಕು? ಸ್ಟಾರ್ಟಪ್ ಕೋಡು ಸ್ಟ್ಯಾಕ್ ಎಲ್ಲಿ ಎಂದು ಗೊತ್ತುಮಾಡಿ, ಅಂಥ ಆರಂಭದ ಬೆಲೆಗಳನ್ನು ಫ್ಲ್ಯಾಶಿನಿಂದ ತಂದು ರ‍್ಯಾಮಿಗೆ ತುಂಬಿ, ಉಳಿದವನ್ನು ಸೊನ್ನೆ ಮಾಡಿ, ಆಮೇಲೆ ಮೇನ್‌ಗೆ ಬಿಟ್ಟುಕೊಡುತ್ತದೆ. ಪ್ರೋಗ್ರಾಂ ಓಡುತ್ತಿದೆ, ಆದರೆ ಗ್ಲೋಬಲ್ ವೇರಿಯಬಲ್ಲುಗಳಲ್ಲಿ ಏನೇನೋ ಅಂಕಿ ಇದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಟೂಲ್‌ಚೈನಿನ ಹೆಸರನ್ನೂ ಓದಲು ಕಲಿಯಿರಿ. ‘ಆರ್ಮ್-ನನ್-ಇಎಬಿಐ’ ಎಂದಿದ್ದರೆ ಆರ್ಮ್ ಪ್ರೊಸೆಸರ್, ಆಪರೇಟಿಂಗ್ ಸಿಸ್ಟಂ ಇಲ್ಲ. ‘ಆರ್ಮ್-ಲಿನಕ್ಸ್-ಗ್ನುಇಎಬಿಐಎಚ್‌ಎಫ್’ ಎಂದಿದ್ದರೆ ಅದೇ ಆರ್ಮ್, ಆದರೆ ಮೇಲೆ ಲಿನಕ್ಸ್ ಇದೆ, ದಶಮಾಂಶದ ಲೆಕ್ಕಕ್ಕೆ ಹಾರ್ಡ್‌ವೇರ್ ಇದೆ ಎಂದರ್ಥ. ಮೊದಲನೆಯದರಿಂದ ಬಂದ ಫೈಲು ರಾಸ್ಪ್‌ಬೆರಿ ಪೈನ ಲಿನಕ್ಸಿನಲ್ಲಿ ಓಡುವುದಿಲ್ಲ, ಎರಡನೆಯದರದು ಬರಿಯ ಎಸ್‌ಟಿಎಂ32 ಬೋರ್ಡಿನಲ್ಲಿ ಓಡುವುದಿಲ್ಲ.

8051ಕ್ಕೆ ಜೋಡಿಸುವ ಕ್ರಮ

ಮೊದಲ ಸಲಕ್ಕೆ 8051 ಒಳ್ಳೆಯ ಗುರು. ಮೆಮೊರಿ ಎಷ್ಟು ಚಿಕ್ಕದೆಂದರೆ ಪೂರ್ತಿ ನಕ್ಷೆಯನ್ನು ಒಂದೇ ನೋಟಕ್ಕೆ ನೋಡಬಹುದು. ಇದಕ್ಕೆ ಸಂದೀಪ್ ದತ್ತ ಶುರುಮಾಡಿದ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ ಇದೆ. ಜಿಸಿಸಿಗೆ 8051 ಬರುವುದಿಲ್ಲ.

1. ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಸ್‌ಡಿಸಿಸಿ’ ಎಂದರೆ ಕಂಪೈಲರ್, ಅಸೆಂಬ್ಲರ್, ಲಿಂಕರ್, ಲೈಬ್ರರಿ ಎಲ್ಲ ಬರುತ್ತವೆ. ಮ್ಯಾಕಿನಲ್ಲಿ ಹೋಮ್‌ಬ್ರೂ ಮೂಲಕ ಅದೇ ಹೆಸರು. ಬಂದ ಮೇಲೆ ಆವೃತ್ತಿ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

2. ಚಿಪ್ಪಿನ ಡೇಟಾಶೀಟ್ ತೆರೆದು ಎರಡು ಅಂಕಿ ಹುಡುಕಿ. ಎಟಿ89ಎಸ್52 ಆದರೆ ಫ್ಲ್ಯಾಶ್ 8 ಕೆಬಿ, ಅಂದರೆ 8192 ಬೈಟ್. ರ‍್ಯಾಮ್ 256 ಬೈಟ್. ಕಿಲೋಬೈಟ್ ಅಲ್ಲ, ಬೈಟ್! ಹಳೆಯ ಎಟಿ89ಸಿ51ರಲ್ಲಿ ಇದು 4 ಕೆಬಿ ಮತ್ತು 128 ಬೈಟ್.

3. ಆ ಅಂಕಿಗಳನ್ನು ಕಮಾಂಡಿನಲ್ಲೇ ಕೊಡಿ: ‘ಎಸ್‌ಡಿಸಿಸಿ -ಎಂಎಂಸಿಎಸ್51 --ಐರ‍್ಯಾಮ್-ಸೈಜ್ 256 --ಕೋಡ್-ಸೈಜ್ 8192 ಲೆಡ್.ಸಿ’. ಈ ಎರಡು ಗಡಿ ಕೊಡದೆಯೂ ಕಂಪೈಲ್ ಆಗುತ್ತದೆ, ಆದರೆ 8 ಕೆಬಿ ದಾಟಿದ ದಿನ ನಿಮಗೆ ಗೊತ್ತಾಗುವುದು ಬೋರ್ಡು ಕೈಕೊಟ್ಟಾಗಲೇ.

4. ಫೋಲ್ಡರಿನಲ್ಲಿ ಈಗ ಹತ್ತಿರ ಹತ್ತು ಫೈಲು ಕಾಣುತ್ತವೆ. ಅದರಲ್ಲಿ ‘ಲೆಡ್.ಮೆಮ್’ ಎಂಬುದನ್ನು ತೆರೆಯಿರಿ. ನಿಮ್ಮ 256 ಬೈಟಿನ ಚಿತ್ರ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಕೆಳಗೆ ಸ್ಟ್ಯಾಕ್ ಯಾವ ವಿಳಾಸದಿಂದ ಶುರು, ಅದಕ್ಕೆ ಎಷ್ಟು ಬೈಟ್ ಉಳಿದಿದೆ ಎಂದೂ ಬರೆದಿರುತ್ತದೆ. ಸಣ್ಣ ಪ್ರೋಗ್ರಾಮಿನಲ್ಲಿ ಸ್ಟ್ಯಾಕ್ ಹೆಕ್ಸ್ 08ರಿಂದ ಶುರುವಾಗಿ 248 ಬೈಟ್ ಉಳಿದಿರುವುದು ಸಾಮಾನ್ಯ. ಪ್ರೋಗ್ರಾಂ ಬೆಳೆದಂತೆ ಈ ಅಂಕಿ ಕರಗುವುದನ್ನು ನೋಡುತ್ತಿರಿ. ಹತ್ತಿಪ್ಪತ್ತಕ್ಕೆ ಇಳಿದರೆ ಬೋರ್ಡು ಯಾವಾಗ ಬೇಕಾದರೂ ಹಳ್ಳ ಹಿಡಿಯಬಹುದು. ಎಕ್ಸ್‌ಟರ್ನಲ್ ರ‍್ಯಾಮ್ ಎಂಬ ಸಾಲಿನಲ್ಲಿ ಸೊನ್ನೆ ಇರಬೇಕು. ನಿಮ್ಮ ಬೋರ್ಡಿನಲ್ಲಿ ಬೇರೆ ರ‍್ಯಾಮ್ ಚಿಪ್ಪೇ ಇಲ್ಲದಿರುವಾಗ ಅಲ್ಲಿ ಅಂಕಿ ಬಂದಿದ್ದರೆ ಆ ವೇರಿಯಬಲ್ಲುಗಳು ಗಾಳಿಯಲ್ಲಿವೆ. ‘ಲಾರ್ಜ್ ಮಾಡೆಲ್’ ಆಯ್ಕೆ ಕೊಟ್ಟವರಿಗೆ ಆಗುವುದು ಇದೇ.

5. ಹೊರಬಂದ ‘ಲೆಡ್.ಐಎಚ್‌ಎಕ್ಸ್’ ಅನ್ನು ‘ಪ್ಯಾಕ್‌ಐಎಚ್‌ಎಕ್ಸ್’ ಕಮಾಂಡಿನ ಮೂಲಕ ‘ಲೆಡ್.ಹೆಕ್ಸ್’ ಮಾಡಿ. ಪ್ರೋಗ್ರಾಮರ್ ಉಪಕರಣಗಳು ಕೇಳುವುದು ಈ ಹೆಕ್ಸ್ ಫೈಲನ್ನು.

6. ಬೋರ್ಡಿಗೆ ಹಾಕುವ ಮುಂಚೆ ಸಿಮ್ಯುಲೇಟರಿನಲ್ಲಿ ಓಡಿಸಿ. ‘ಎಸ್‌ಡಿಸಿಸಿ-ಯುಸಿಸಿಮ್’ ಎಂಬ ಪ್ಯಾಕೇಜು ಇದಕ್ಕೇ ಇದೆ. ಇನ್ನೂ ಬೋರ್ಡು ಕೊಳ್ಳದವರೂ ಇಲ್ಲಿಯವರೆಗಿನ ಎಲ್ಲ ಹೆಜ್ಜೆಗಳನ್ನು ಒಂದು ರೂಪಾಯಿ ಖರ್ಚಿಲ್ಲದೆ ಮಾಡಿನೋಡಬಹುದು.

7. ಈಗ ಬರ್ನ್ ಮಾಡಿ. ಇಲ್ಲಿ ಅಂಗಡಿಯಲ್ಲೇ ಕೇಳಿ ತಿಳಿಯಬೇಕಾದ ಸಂಗತಿ ಒಂದಿದೆ. ಎಟಿ89ಎಸ್52ರ ರೀಸೆಟ್ ಪಿನ್ನು ಮೇಲಿನ ವೋಲ್ಟೇಜಿನಲ್ಲಿ ಕೆಲಸ ಮಾಡುತ್ತದೆ, ಆರ್ಡುಯಿನೋದ ಎವಿಆರ್ ಚಿಪ್ಪುಗಳದು ಅದಕ್ಕೆ ಉಲ್ಟಾ. ಆದ್ದರಿಂದ ಎವಿಆರ್‌ಗೆಂದು ಮಾಡಿದ ಪ್ರೋಗ್ರಾಮರ್‌ಗಳೆಲ್ಲ 89ಎಸ್ ಸರಣಿಗೆ ಆಗುವುದಿಲ್ಲ. ‘89ಎಸ್52 ಆಗತ್ತಾ?’ ಎಂದು ನೇರವಾಗಿ ಕೇಳಿ ಕೊಳ್ಳಿ. 89ಸಿ51 ಅಂತೂ ಬೇಡವೇ ಬೇಡ. ಅದನ್ನು ಬೋರ್ಡಿನಿಂದ ಕಿತ್ತು 12 ವೋಲ್ಟಿನ ಪ್ಯಾರಲಲ್ ಪ್ರೋಗ್ರಾಮರಿಗೆ ಹಾಕಬೇಕು. ಕಾಲೇಜಿನಿಂದ ಉಳಿದ ಪಿ89ವಿ51ಆರ್‌ಡಿ2 ಕಿಟ್ ಇದ್ದರೆ ನಿಮ್ಮ ಅದೃಷ್ಟ. ಅದಕ್ಕೆ ಸೀರಿಯಲ್ ಕೇಬಲ್ಲೇ ಸಾಕು.

ಕೀಲ್‌ನಿಂದ ತಂದ ಪ್ರೋಗ್ರಾಂ ಯಾಕೆ ಕಂಪೈಲ್ ಆಗುವುದಿಲ್ಲ?

ಲ್ಯಾಬ್ ಮ್ಯಾನ್ಯುಯಲ್ಲಿನ ಪ್ರೋಗ್ರಾಮನ್ನು ಹಾಗೇ ಎಸ್‌ಡಿಸಿಸಿಗೆ ಕೊಟ್ಟರೆ ತಪ್ಪುಗಳ ಪಟ್ಟಿಯೇ ಬರುತ್ತದೆ. 8051ರ ವಿಶೇಷ ಮೆಮೊರಿಗಳಿಗೆ ಸಿ ಭಾಷೆಯಲ್ಲಿ ಪದಗಳಿಲ್ಲ, ಹಾಗಾಗಿ ಪ್ರತಿ ಕಂಪೈಲರೂ ತನ್ನದೇ ಪದ ಸೇರಿಸಿಕೊಂಡಿದೆ. ಎಸ್‌ಡಿಸಿಸಿಯಲ್ಲಿ ಅವುಗಳ ಹಿಂದೆ ಎರಡು ಅಂಡರ್‌ಸ್ಕೋರ್ ಇರುತ್ತದೆ. ಇಂಟರಪ್ಟ್, ಎಸ್‌ಬಿಟ್, ಐಡೇಟಾ, ಕೋಡ್ ಎಲ್ಲಕ್ಕೂ ಅದೇ ನಿಯಮ. ಕೀಲ್‌ನಲ್ಲಿ ಪಿ1ರ ಮುಂದೆ ಕ್ಯಾರೆಟ್ ಚಿಹ್ನೆ ಹಾಕಿ 0 ಬರೆದರೆ ಪೋರ್ಟಿನ ಮೊದಲ ಬಿಟ್ ಸಿಗುತ್ತಿತ್ತು. ಇಲ್ಲಿ ‘ಅಟ್’ ಎಂದು ಹೇಳಿ ಬಿಟ್ಟಿನ ವಿಳಾಸವನ್ನೇ, ಅಂದರೆ ಹೆಕ್ಸ್ 90 ಎಂದು ಕೊಡಬೇಕು. ಹೆಡರ್ ಫೈಲು ‘ರೆಗ್51’ ಬದಲು ‘8051’ ಅಥವಾ ‘8052’.

ಇವೆಲ್ಲ ಕಂಪೈಲರೇ ಬೈದು ಹೇಳುವ ತಪ್ಪುಗಳು, ತಿದ್ದುವುದು ಸುಲಭ. ಸುಮ್ಮನೆ ಕೂತು ಕುತ್ತಿಗೆ ಕೊಯ್ಯುವ ವ್ಯತ್ಯಾಸಗಳು ಎರಡಿವೆ. ಒಂದು, ಈಗಿನ ಎಸ್‌ಡಿಸಿಸಿಯಲ್ಲಿ ಬರಿಯ ‘ಚಾರ್’ ಎಂದರೆ ಋಣ ಸಂಖ್ಯೆ ಹಿಡಿಯದ ಬೈಟ್, ಕೀಲ್‌ನಲ್ಲಿ ಹಿಡಿಯುತ್ತದೆ. ಸೊನ್ನೆಗಿಂತ ಕಡಿಮೆ ಆಗುವವರೆಗೆ ಇಳಿಸುತ್ತ ಹೋಗುವ ಲೂಪು ಕೀಲ್‌ನಲ್ಲಿ ನಿಲ್ಲುತ್ತಿತ್ತು, ಇಲ್ಲಿ ನಿಲ್ಲುವುದೇ ಇಲ್ಲ. ಎರಡು, ಇಂಟರಪ್ಟ್ ಫಂಕ್ಷನ್ ಬೇರೆ ಫೈಲಿನಲ್ಲಿದ್ದರೆ ಅದರ ಘೋಷಣೆ ಮೇನ್ ಇರುವ ಫೈಲಿನಲ್ಲಿ ಕಾಣಲೇಬೇಕು. ಇಲ್ಲದಿದ್ದರೆ ವೆಕ್ಟರ್ ಟೇಬಲ್ಲಿಗೆ ಅದು ಸೇರುವುದಿಲ್ಲ, ಟೈಮರ್ ಹೊಡೆದ ಕೂಡಲೇ ಬೋರ್ಡು ದಿಕ್ಕು ತಪ್ಪುತ್ತದೆ. ಇವಲ್ಲದೆ, ಎಸ್‌ಡಿಸಿಸಿಯಲ್ಲಿ ಪ್ರಿಂಟ್‌ಎಫ್ ಬಳಸಬೇಕಾದರೆ ಒಂದು ಅಕ್ಷರವನ್ನು ಸೀರಿಯಲ್ ಪೋರ್ಟಿಗೆ ಕಳಿಸುವ ‘ಪುಟ್‌ಚಾರ್’ ಫಂಕ್ಷನ್ನನ್ನು ನೀವೇ ಬರೆದುಕೊಡಬೇಕು.

ಆರ್ಡುಯಿನೋ ನ್ಯಾನೋ ಇರುವವರಿಗೆ

ಇದು ಎಲ್ಲಕ್ಕಿಂತ ಸುಲಭದ ದಾರಿ, ಹೆಚ್ಚು ಹೇಳುವುದಿಲ್ಲ. ‘ಜಿಸಿಸಿ-ಎವಿಆರ್’, ‘ಎವಿಆರ್-ಲಿಬ್‌ಸಿ’, ‘ಎವಿಆರ್‌ಡ್ಯೂಡ್’ ಮೂರು ಪ್ಯಾಕೇಜು. ಕಂಪೈಲ್ ಮಾಡುವಾಗ ‘-ಎಂಎಂಸಿಯು’ ಆಯ್ಕೆಯಲ್ಲಿ ಎಟಿಮೆಗಾ328ಪಿ ಎಂದು ಚಿಪ್ಪಿನ ಹೆಸರು ಕೊಟ್ಟರೆ ಸಾಕು, 32 ಕೆಬಿ ಫ್ಲ್ಯಾಶಿನ, 2 ಕೆಬಿ ರ‍್ಯಾಮಿನ ನಕ್ಷೆ ಅದಕ್ಕೆ ಮೊದಲೇ ಗೊತ್ತು. ತೊಡಕು ಬರುವುದು ಬೋರ್ಡಿಗೆ ಕಳಿಸುವಾಗ. ಅಗ್ಗದ ನ್ಯಾನೋಗಳಲ್ಲಿ ಯುಎಸ್‌ಬಿಗೆ ಸಿಎಚ್340 ಚಿಪ್ ಇರುತ್ತದೆ. ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಎಂಬ ಸೇವೆ ಈ ಚಿಪ್ಪನ್ನು ತನ್ನ ಸಾಧನವೆಂದು ತಿಳಿದು ಕಿತ್ತುಕೊಳ್ಳುತ್ತದೆ. ಬೋರ್ಡು ಕ್ಷಣ ಕಾಣಿಸಿ ಮಾಯ. ಬ್ರೈಲ್ ಸಾಧನ ಬಳಸದವರು ಆ ಪ್ಯಾಕೇಜನ್ನು ತೆಗೆದರೆ ಸರಿಹೋಗುತ್ತದೆ. ‘ಪರ್ಮಿಶನ್ ಡಿನೈಡ್’ ಬಂದರೆ ನಿಮ್ಮ ಬಳಕೆದಾರ ಹೆಸರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ವೇಗ 115200 ಕೊಟ್ಟಾಗ ಉತ್ತರ ಬರದಿದ್ದರೆ 57600 ಕೊಟ್ಟು ನೋಡಿ. ಹಳೆಯ ಬೂಟ್‌ಲೋಡರಿನ ವೇಗ ಅದು.

ಆರ್ಮ್ ಬೋರ್ಡುಗಳು: ನಕ್ಷೆ ನೀವೇ ಬರೆಯಬೇಕು

‘ಜಿಸಿಸಿ-ಆರ್ಮ್-ನನ್-ಇಎಬಿಐ’ ಪ್ಯಾಕೇಜು ಎಲ್ಲ ಆರ್ಮ್ ಮೈಕ್ರೋಕಂಟ್ರೋಲರ್‌ಗಳಿಗೂ ಒಂದೇ. ಆದ್ದರಿಂದಲೇ ಅದಕ್ಕೆ ನಿಮ್ಮ ಬೋರ್ಡಿನ ಮೆಮೊರಿ ಗೊತ್ತಿರುವುದಿಲ್ಲ. ಲಿಂಕರ್ ಸ್ಕ್ರಿಪ್ಟ್ ಎಂಬ ಪುಟ್ಟ ಫೈಲಿನಲ್ಲಿ ಅದನ್ನು ಬರೆದುಕೊಡಬೇಕು. ‘ಬ್ಲೂ ಪಿಲ್’ ಎಂದು ಮಾರುವ ಎಸ್‌ಟಿಎಂ32ಎಫ್103ಸಿ8 ಆದರೆ ಫ್ಲ್ಯಾಶ್ ಹೆಕ್ಸ್ 08000000ರಿಂದ 64 ಕೆಬಿ, ರ‍್ಯಾಮ್ ಹೆಕ್ಸ್ 20000000ರಿಂದ 20 ಕೆಬಿ.

ನಕ್ಷೆ ಸರಿಯಾಯಿತೇ ಎಂದು ತಿಳಿಯಲು ಬೋರ್ಡೇ ಬೇಕಿಲ್ಲ. ಇದರಲ್ಲಿರುವಂಥ ಕಾರ್ಟೆಕ್ಸ್-ಎಂ ಚಿಪ್ಪು ಎಚ್ಚರವಾದಾಗ ಫ್ಲ್ಯಾಶಿನ ಮೊದಲ ನಾಲ್ಕು ಬೈಟನ್ನು ಸ್ಟ್ಯಾಕಿನ ತುದಿ ಎಂದೂ, ಮುಂದಿನ ನಾಲ್ಕನ್ನು ಓಡಬೇಕಾದ ಮೊದಲ ಫಂಕ್ಷನ್ನಿನ ವಿಳಾಸ ಎಂದೂ ಓದುತ್ತದೆ. ನಿಮ್ಮ ಬಿನ್ ಫೈಲನ್ನು ಹೆಕ್ಸ್‌ಡಂಪಿನಲ್ಲಿ ತೆರೆಯಿರಿ. ಸ್ಟ್ಯಾಕನ್ನು ರ‍್ಯಾಮಿನ ಕೊನೆಯಲ್ಲಿ ಇಟ್ಟಿದ್ದರೆ ಶುರುವಿನಲ್ಲೇ 00 50 00 20 ಕಾಣಬೇಕು. ತಿರುಗಿಸಿ ಓದಿದರೆ ಹೆಕ್ಸ್ 20005000. ಹೆಕ್ಸ್ 5000 ಎಂದರೆ 20480, ಅಂದರೆ ಸರಿಯಾಗಿ 20 ಕೆಬಿ. ಮುಂದಿನ ನಾಲ್ಕು ಬೈಟು 08ರಲ್ಲಿ ಮುಗಿಯಬೇಕು, ಅವುಗಳಲ್ಲಿ ಮೊದಲ ಬೈಟು ಬೆಸ ಸಂಖ್ಯೆ ಆಗಿರಬೇಕು. ಆ ಬೆಸ ಅಂಕಿ ಥಂಬ್ ಸಂಕೇತಗಳ ಗುರುತು. ಈ ಎಂಟು ಬೈಟು ಸರಿಯಿಲ್ಲದ ಫೈಲನ್ನು ಬೋರ್ಡಿಗೆ ಹಾಕುವುದರಲ್ಲಿ ಅರ್ಥವಿಲ್ಲ.

ವಿಟಿಯು ಲ್ಯಾಬುಗಳಲ್ಲಿ ಬಳಸಿದ ಎಲ್‌ಪಿಸಿ2148 ಬೋರ್ಡು ಇದ್ದವರು ಬ್ಲೂ ಪಿಲ್ಲಿನ ಲಿಂಕರ್ ಸ್ಕ್ರಿಪ್ಟನ್ನಾಗಲಿ ಸ್ಟಾರ್ಟಪ್ ಕೋಡನ್ನಾಗಲಿ ಅದಕ್ಕೆ ಹಾಕಬೇಡಿ. ಅದು ಹಳೆಯ ಆರ್ಮ್7. ಅದರ ಫ್ಲ್ಯಾಶ್ ಸೊನ್ನೆಯಿಂದ ಶುರು, ರ‍್ಯಾಮ್ ಹೆಕ್ಸ್ 40000000ರಿಂದ. ಶುರುವಿನ ಟೇಬಲ್ಲಿನಲ್ಲಿ ವಿಳಾಸಗಳ ಬದಲು ಜಿಗಿಯುವ ಇನ್‌ಸ್ಟ್ರಕ್ಷನ್‌ಗಳೇ ಇರಬೇಕು. ಜತೆಗೆ ಆ ಟೇಬಲ್ಲಿನ ಎಂಟು ಪದಗಳ ಮೊತ್ತ ಸೊನ್ನೆ ಬರದಿದ್ದರೆ ಚಿಪ್ಪಿನ ಬೂಟ್‌ಲೋಡರ್ ನಿಮ್ಮ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ‘ಎಲ್‌ಪಿಸಿ21ಐಎಸ್‌ಪಿ’ ಎಂಬ ಉಪಕರಣ ಈ ಮೊತ್ತವನ್ನು ತಾನೇ ಹೊಂದಿಸುತ್ತದೆ.

ನಮ್ಮದೇ ಆರ್‌ಐಎಸ್‌ಸಿ-ವಿ ಚಿಪ್ಪು ಬೇಕೆನ್ನುವವರಿಗೆ ಸಿ-ಡ್ಯಾಕ್‌ನ ವೇಗಾ ಸರಣಿಯ ತೇಜಸ್32 ಇರುವ ಏರೀಸ್ ಬೋರ್ಡುಗಳಿವೆ. ಟೂಲ್‌ಚೈನನ್ನು ಸಿ-ಡ್ಯಾಕ್ ತಾನೇ ಕೊಡುತ್ತದೆ. ಅದನ್ನೇ ಬಳಸಿ, ಶುರುವಿನಲ್ಲಿ ಸ್ವಂತ ಪ್ರಯೋಗ ಬೇಡ.

ಲಿನಕ್ಸ್ ಇರುವ ಬೋರ್ಡು, ಮತ್ತು ಸಿಂಪ್ಯೂಟರಿನ ಪಾಠ

ಬೀಗಲ್‌ಬೋನ್, ರಾಸ್ಪ್‌ಬೆರಿ ಪೈಗಳಲ್ಲಿ ಮೆಮೊರಿ ನಕ್ಷೆಯ ಕಾಟ ಇಲ್ಲ, ಅದನ್ನು ಲಿನಕ್ಸ್ ನೋಡಿಕೊಳ್ಳುತ್ತದೆ. ಅದರ ಜಾಗದಲ್ಲಿ ಲೈಬ್ರರಿಯ ಕಾಟ ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಉಬುಂಟು ಹೊಸದು, ಬೋರ್ಡಿನ ಲಿನಕ್ಸ್ ಹಳೆಯದು ಆಗಿದ್ದರೆ ‘ಗ್ಲಿಬ್‌ಸಿ 2.34 ಸಿಗಲಿಲ್ಲ’ ಎಂಬ ದೂರು ಗ್ಯಾರಂಟಿ. ಎರಡು ಪರಿಹಾರ: ಸಣ್ಣ ಪ್ರೋಗ್ರಾಂ ಆದರೆ ‘-ಸ್ಟ್ಯಾಟಿಕ್’ ಆಯ್ಕೆ ಕೊಟ್ಟು ಲೈಬ್ರರಿಯನ್ನು ಒಳಗೇ ಸೇರಿಸಿಬಿಡಿ, ದೊಡ್ಡದಾದರೆ ಬೋರ್ಡಿನ ಲೈಬ್ರರಿ ಫೋಲ್ಡರುಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿ, ‘--ಸಿಸ್‌ರೂಟ್’ ಆಯ್ಕೆಯಲ್ಲಿ ಅದನ್ನು ತೋರಿಸಿ. ಫೈಲು ಕಣ್ಣೆದುರೇ ಇದ್ದರೂ ‘ಅಂಥ ಫೈಲೇ ಇಲ್ಲ’ ಎಂದು ಬೋರ್ಡು ಹಠ ಹಿಡಿದರೆ ಕಾಣೆಯಾಗಿರುವುದು ನಿಮ್ಮ ಫೈಲಲ್ಲ, ಅದಕ್ಕೆ ಬೇಕಾದ ಡೈನಾಮಿಕ್ ಲೋಡರ್.

ಈಗ ಸಿಂಪ್ಯೂಟರ್. ಇವತ್ತಿನ ಉಬುಂಟುವಿನ ಆರ್ಮ್ ಕಂಪೈಲರಿನಿಂದ ಅದಕ್ಕೆ ಒಂದು ‘ನಮಸ್ಕಾರ’ ಪ್ರೋಗ್ರಾಂ ಕಟ್ಟಿದರೆ ಓಡುವುದಿಲ್ಲ. ಕಾರಣಗಳು ಒಂದರ ಮೇಲೊಂದು. ಸ್ಟ್ರಾಂಗ್‌ಆರ್ಮ್‌ನದು ಆರ್ಮ್ ವಿ4 ಇನ್‌ಸ್ಟ್ರಕ್ಷನ್ ಸೆಟ್, ಅದರಲ್ಲಿ ಥಂಬ್ ಇಲ್ಲ, ದಶಮಾಂಶ ಲೆಕ್ಕದ ಹಾರ್ಡ್‌ವೇರೂ ಇಲ್ಲ. ಈಗಿನ ಸಿದ್ಧ ಪ್ಯಾಕೇಜುಗಳು ಅದಕ್ಕಿಂತ ಹೊಸ ಆರ್ಮ್ ಇದೆ ಎಂದುಕೊಂಡೇ ಕಟ್ಟಿದವು. ಪ್ರೊಸೆಸರಿನ ಹೆಸರು ಕೊಟ್ಟು ಕಂಪೈಲರನ್ನು ಒಪ್ಪಿಸಿದರೂ, ಮೊದಲೇ ಕಂಪೈಲ್ ಆಗಿ ಬಂದಿರುವ ಸಿ ಲೈಬ್ರರಿಯಲ್ಲಿ ಹೊಸ ಇನ್‌ಸ್ಟ್ರಕ್ಷನ್‌ಗಳು ಉಳಿದೇ ಇರುತ್ತವೆ. ಅದನ್ನೂ ದಾಟಿದರೆ ಕರ್ನಲ್. ಆ ಕಾಲದ 2.4 ಲಿನಕ್ಸ್ ಕರ್ನಲ್ಲಿಗೆ ಕೋರಿಕೆ ಸಲ್ಲಿಸುವ ಕ್ರಮ ಬೇರೆ ಇತ್ತು. ಈಗಿನ ಇಎಬಿಐ ಕ್ರಮವನ್ನು ಲಿನಕ್ಸ್ ಒಪ್ಪಿಕೊಂಡದ್ದು 2.6.16ರಿಂದ. ಹಾಗಾಗಿ ಅಂಥ ಯಂತ್ರಕ್ಕೆ ಆ ಕಾಲದ ಕಂಪೈಲರ್, ಆ ಕಾಲದ ಲೈಬ್ರರಿ ಎರಡನ್ನೂ ಹುಡುಕಿ ತರಬೇಕು. ಕಂಪೈಲರ್ ಒಂದನ್ನೇ ಬದಲಿಸಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೂ ಹಳೆಯ ಗಣಕಗಳು

1984-85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳು ಬಂದವು. ಅದರ ಪ್ರೊಸೆಸರ್ 6502. ಸಿಸಿ65 ಎಂಬ ಕ್ರಾಸ್ ಕಂಪೈಲರ್ 6502ಗೆ ಚೆನ್ನಾಗಿಯೇ ಸಂಕೇತ ಕೊಡುತ್ತದೆ. ಆಪಲ್ 2, ಕಮೊಡೋರ್ 64ಕ್ಕೆ ಸಿದ್ಧ ಲೈಬ್ರರಿಯೂ ಅದರೊಡನೆ ಬರುತ್ತದೆ, ಬಿಬಿಸಿ ಮೈಕ್ರೋಗೆ ಬರುವುದಿಲ್ಲ. ಪರದೆಗೆ ಅಕ್ಷರ ಬರೆಯುವ, ಕೀಲಿಮಣೆ ಓದುವ ಭಾಗಗಳನ್ನು ನೀವೇ ಅಸೆಂಬ್ಲಿಯಲ್ಲಿ ಬರೆಯಬೇಕು. ಜೆಡ್80 ಯಂತ್ರಗಳಿಗೆ ಎಸ್‌ಡಿಸಿಸಿ ಸಾಕು. ಪಾಲಿಟೆಕ್ನಿಕ್‌ನ 8085 ಕಿಟ್ಟಿಗೆ ಸಿ ಬೇಕೆಂದರೆ ಜೆಡ್88ಡಿಕೆ ನೋಡಿ, ಅದರಲ್ಲಿ 8085ಕ್ಕೆ ಬೆಂಬಲವಿದೆ.

ಸೋರ್ಸಿನಿಂದ ಕಟ್ಟಬೇಕೆ?

ಯೂಟ್ಯೂಬಿನಲ್ಲಿ ಜಿಸಿಸಿಯನ್ನು ಸೋರ್ಸಿನಿಂದ ಕಟ್ಟುವುದನ್ನು ನೋಡಿ ಅದರಿಂದಲೇ ಶುರುಮಾಡುವವರಿದ್ದಾರೆ. ಬೇಡ. ಬಿನ್‌ಯುಟಿಲ್ಸ್, ಮೊದಲ ಹಂತದ ಜಿಸಿಸಿ, ಲೈಬ್ರರಿ, ಮತ್ತೆ ಎರಡನೇ ಹಂತದ ಜಿಸಿಸಿ ಎಂದು ನಾಲ್ಕು ಹಂತದ ಕೆಲಸ ಅದು. ಲೈಬ್ರರಿ ಕಟ್ಟಲು ಕಂಪೈಲರ್ ಬೇಕು, ಪೂರ್ಣ ಕಂಪೈಲರಿಗೆ ಲೈಬ್ರರಿ ಬೇಕು, ಆದ್ದರಿಂದಲೇ ಎರಡು ಸುತ್ತು. ಸಿಂಪ್ಯೂಟರಿನಂಥ, ಸಿದ್ಧ ಪ್ಯಾಕೇಜು ಇಲ್ಲದ ಯಂತ್ರಕ್ಕೆ ಮಾತ್ರ ಆ ಸಾಹಸ. ಆಗಲೂ ಕ್ರಾಸ್‌ಟೂಲ್-ಎನ್‌ಜಿ ಅಥವಾ ಬಿಲ್ಡ್‌ರೂಟ್‌ಗೆ ಹೊಣೆ ಒಪ್ಪಿಸುವುದು ಜಾಣತನ.

ಮತ್ತೆಮತ್ತೆ ಆಗುವ ತಪ್ಪುಗಳು

• ಇಂಟ್ ಎಲ್ಲ ಕಡೆಯೂ ಒಂದೇ ಎಂದುಕೊಳ್ಳುವುದು. 8051, ಎವಿಆರ್, ಜೆಡ್80ರಲ್ಲಿ ಅದು 16 ಬಿಟ್. 1000ವನ್ನು 60ರಿಂದ ಗುಣಿಸಿದರೆ 32767ರ ಮಿತಿ ದಾಟಿ ಋಣ ಸಂಖ್ಯೆ ಬಂದು ಕೂರುತ್ತದೆ. ‘ಎಸ್‌ಟಿಡಿಇಂಟ್’ ಹೆಡರಿನ ಅಳತೆ ಹೇಳುವ ವಿಧಗಳನ್ನೇ ಬಳಸಿ.

• ದಶಮಾಂಶ ಅಚ್ಚಾಗಲಿಲ್ಲವೆಂದು ಸೆನ್ಸರನ್ನು ಬೈಯುವುದು. ಜಾಗ ಉಳಿಸಲೆಂದು ಈ ಲೈಬ್ರರಿಗಳ ಪ್ರಿಂಟ್‌ಎಫ್‌ನಲ್ಲಿ ಫ್ಲೋಟ್ ಇರುವುದಿಲ್ಲ. 8051ರಲ್ಲಿ ‘ನೋ ಫ್ಲೋಟ್’ ಎಂದೇ ಅಚ್ಚಾಗುತ್ತದೆ, ಎವಿಆರ್‌ನಲ್ಲಿ ಬರಿಯ ಪ್ರಶ್ನೆ ಚಿಹ್ನೆ. ತಾಪಮಾನವನ್ನು ಹತ್ತರಿಂದ ಗುಣಿಸಿ ಪೂರ್ಣಾಂಕವಾಗಿ ಕಳಿಸುವುದು ಸಲೀಸು.

• ಸೀರಿಯಲ್ಲಿನಲ್ಲಿ ಬರೀ ಕಸ ಬಂದರೆ ಕಂಪೈಲರನ್ನು ಬದಲಿಸುವುದು. ಮೊದಲು ಕ್ರಿಸ್ಟಲ್ಲಿನ ಮೇಲಿನ ಅಂಕಿ ಓದಿ. 8051ರಲ್ಲಿ 9600 ಬಾಡ್ ಸರಿಯಾಗಿ ಬರುವುದು 11.0592 ಮೆಗಾಹರ್ಟ್ಸ್‌ಗೆ. ಅದೇ ಪ್ರೋಗ್ರಾಂ 12 ಮೆಗಾಹರ್ಟ್ಸ್ ಬೋರ್ಡಿನಲ್ಲಿ ಸುಮಾರು 10417 ಬಾಡ್ ಆಗುತ್ತದೆ, ಶೇ 8.5ರಷ್ಟು ತಪ್ಪಿದರೆ ಅಕ್ಷರ ಉಳಿಯುವುದಿಲ್ಲ.

• ಖಾಲಿ ಲೂಪಿನಿಂದ ಕಾಲ ನೂಕುವುದು. ಆಪ್ಟಿಮೈಸ್ ಮಾಡುವಾಗ ಜಿಸಿಸಿ ಅದನ್ನು ವ್ಯರ್ಥವೆಂದು ಅಳಿಸಿಹಾಕುತ್ತದೆ. ಟೈಮರ್ ಬಳಸಿ, ಅಥವಾ ಎಣಿಸುವ ವೇರಿಯಬಲ್ಲನ್ನು ‘ವೊಲಟೈಲ್’ ಮಾಡಿ.

• ‘ಎಸ್‌ಬ್ರೇಕ್ ಇಲ್ಲ’, ‘ಎಕ್ಸಿಟ್ ಇಲ್ಲ’ ಎಂದು ಆರ್ಮ್ ಲಿಂಕರ್ ಕೂಗಿದಾಗ ಗಾಬರಿಯಾಗುವುದು. ಆಪರೇಟಿಂಗ್ ಸಿಸ್ಟಂ ಕೊಡಬೇಕಾದ ಫಂಕ್ಷನ್‌ಗಳವು. ‘--ಸ್ಪೆಕ್ಸ್’ ಆಯ್ಕೆಯಲ್ಲಿ ‘ನೋಸಿಸ್.ಸ್ಪೆಕ್ಸ್’ ಕೊಟ್ಟರೆ ಸದ್ಯಕ್ಕೆ ಸುಮ್ಮನಾಗುತ್ತದೆ.

• ಅಗ್ಗದ ಬ್ಲೂ ಪಿಲ್‌ನಲ್ಲಿ ಅಸಲಿ ಚಿಪ್ ಇದೆ ಎಂದು ನಂಬುವುದು. ಓಪನ್‌ಓಸಿಡಿ ಅನಿರೀಕ್ಷಿತ ಐಡಿಕೋಡ್ ಎಂದು ದೂರಿ, ಮೊದಲ ಅಂಕಿ 1ರ ಬದಲು 2 ತೋರಿಸಿದರೆ ಅದು ತದ್ರೂಪಿ ಚಿಪ್ಪು.

ಎರಡು ಎಚ್ಚರಿಕೆ

ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ. ಯುಎಸ್‌ಬಿ ಬಂದ್ ಆಗಿರುತ್ತದೆ, ಆಗಿರದಿದ್ದರೂ ಐಟಿಯವರ ಫೋನು ಬರುತ್ತದೆ. ಸ್ವಂತ ವಿಂಡೋಸ್ ಯಂತ್ರದಲ್ಲಿ ಡಬ್ಲ್ಯುಎಸ್‌ಎಲ್ 2 ಬಳಸುವವರಿಗೆ ಬೋರ್ಡು ತಾನಾಗಿ ಕಾಣುವುದಿಲ್ಲ. ‘ಯುಎಸ್‌ಬಿಐಪಿಡಿ-ವಿನ್’ ಹಾಕಿಕೊಂಡು ಸಾಧನವನ್ನು ಒಳಗೆ ಸೇರಿಸಬೇಕು. ಫೋಲ್ಡರಿನ ಹೆಸರಿನಲ್ಲಿ ಜಾಗ ಬಿಡಬೇಡಿ, ಮೇಕ್‌ಫೈಲ್ ಅಲ್ಲೇ ಮುಗ್ಗರಿಸುತ್ತದೆ.

ಇನ್ನೊಂದು, ಪೀಣ್ಯದ ಪರಿಚಯದವರು ತಮ್ಮ ಕಾರ್ಖಾನೆಯ ಹಳೆಯ ಕಾರ್ಡನ್ನು ‘ಸ್ವಲ್ಪ ನೋಡಿ ಕೊಡಿ’ ಎಂದು ಕೈಗೆ ಕೊಟ್ಟರೆ ಅದರ ಚಿಪ್ಪಿನ ಮೇಲೆ ನೇರವಾಗಿ ಬರೆಯಬೇಡಿ. ಲಾಕ್ ಬಿಟ್ ಹಾಕಿದ 89ಎಸ್52ರಿಂದ ಹಳೆಯ ಪ್ರೋಗ್ರಾಮನ್ನು ಓದಿ ತೆಗೆಯಲು ಆಗುವುದಿಲ್ಲ, ಅಳಿಸಲು ಮಾತ್ರ ಆಗುತ್ತದೆ. ಅಳಿಸಿದರೆ ಅವರ ಮೆಷಿನ್ನು ನಿಂತಂತೆಯೇ. ಹೊಸ ಚಿಪ್ಪಿಗೆ ನಿಮ್ಮ ಪ್ರೋಗ್ರಾಂ ಹಾಕಿ ಸಾಕೆಟ್ಟಿನಲ್ಲಿ ಕೂರಿಸಿ ನೋಡಿ, ಹಳೆಯದನ್ನು ಹಾಗೇ ಎತ್ತಿಡಿ.

ಕೆಲಸ ಮುಗಿದ ಮೇಲೆ ಸಿ ಫೈಲು, ಮೇಕ್‌ಫೈಲು, ಹೆಕ್ಸ್ ಫೈಲು ಮೂರನ್ನೂ ಒಂದೇ ಕಡೆ ಇಟ್ಟು, ಕಂಪೈಲರಿನ ಆವೃತ್ತಿ ಸಂಖ್ಯೆಯನ್ನು ಮೇಕ್‌ಫೈಲಿನ ಮೊದಲ ಸಾಲಿನಲ್ಲೇ ಬರೆಯಿರಿ. ಎಸ್‌ಡಿಸಿಸಿ 4.2ರಲ್ಲಿ ಜೆಡ್80ಕ್ಕೆ ಫಂಕ್ಷನ್‌ಗಳನ್ನು ಕರೆಯುವ ಕ್ರಮವೇ ಬದಲಾಯಿತು. ಹಳೆಯ ಅಸೆಂಬ್ಲಿ ಜೋಡಿಸಿಕೊಂಡಿದ್ದ ಪ್ರೋಗ್ರಾಮುಗಳನ್ನು ಹೊಸ ಕಂಪೈಲರಿನಲ್ಲಿ ಹಾಗೇ ಕಟ್ಟಿದರೆ ಅವು ಸರಿಯಾಗಿ ಓಡದಿರಬಹುದು. ಐದು ವರ್ಷದ ಮೇಲೆ ಆ ಕಾರ್ಡು ಮತ್ತೆ ನಿಮ್ಮ ಮೇಜಿಗೋ ಇನ್ನೊಬ್ಬರ ಮೇಜಿಗೋ ಬಂದಾಗ ಮೊದಲು ಬೇಕಾಗುವುದು ಆ ಸಂಖ್ಯೆ.